ಉಳ್ಳಾಲದ 1952ರಿಂದ ಈಚಿನ ಫಲಿತಾಂಶಗಳು ಎಲ್ಲಿ ಸಿಗುತ್ತವೆ, ಅವನ್ನು ಓದುವುದು ಹೇಗೆ?

ಪ್ರಶ್ನೆ: ನಾನು ಉಳ್ಳಾಲದ ತೊಕ್ಕೊಟ್ಟಿನ ಶಿಕ್ಷಕಿ. ಶಾಲೆಯ ಸ್ಮರಣ ಸಂಚಿಕೆಗಾಗಿ ನಮ್ಮ ಭಾಗದಿಂದ ವಿಧಾನಸಭೆಗೆ ಆಯ್ಕೆಯಾದವರ ಪಟ್ಟಿಯನ್ನು ಮೊದಲ ಚುನಾವಣೆಯಿಂದ ಇವತ್ತಿನವರೆಗೆ ಸಿದ್ಧಪಡಿಸುತ್ತಿದ್ದೇನೆ. ಅಂತರ್ಜಾಲದಲ್ಲಿ ಉಚಿತವಾಗಿ ಸಿಗುವ ಹಳೆಯ ಫಲಿತಾಂಶಗಳಲ್ಲಿ 'ಮಂಗಳೂರು' ಎಂದು ಹುಡುಕಿದರೆ 1994ರಿಂದ 2004ರವರೆಗೆ ಬಿಜೆಪಿ, 2008ರಿಂದ ಇದ್ದಕ್ಕಿದ್ದಂತೆ ಕಾಂಗ್ರೆಸ್ ಎಂದು ತೋರಿಸುತ್ತದೆ. 'ಉಳ್ಳಾಲ' ಎಂದು ಹುಡುಕಿದರೆ 2004ಕ್ಕೇ ಪಟ್ಟಿ ನಿಂತುಬಿಡುತ್ತದೆ. 1952ರ ಫಲಿತಾಂಶವಂತೂ ಕರ್ನಾಟಕದ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಇಲ್ಲಿ ಎರಡು ಸಲ ಕಮ್ಯುನಿಸ್ಟರು ಗೆದ್ದಿದ್ದರೆಂದು ನಮ್ಮ ಅಜ್ಜ ಹೇಳುತ್ತಾರೆ, ಮನೆಯಲ್ಲಿ ಯಾರೂ ನಂಬುವುದಿಲ್ಲ. ಯಾವುದನ್ನು ನಂಬಲಿ?

ಉತ್ತರ: ಅಜ್ಜನನ್ನು ನಂಬಿ. 1962ರಲ್ಲಿ ಭಾರತ ಕಮ್ಯುನಿಸ್ಟ್ ಪಕ್ಷದ ಎ. ಕೃಷ್ಣ ಶೆಟ್ಟಿ, 1983ರಲ್ಲಿ ಸಿಪಿಎಂನ ಪಿ. ರಾಮಚಂದ್ರ ರಾವ್ ನಿಮ್ಮ ಭಾಗದಿಂದ ಗೆದ್ದಿದ್ದಾರೆ. ಹೆಂಚಿನ ಕಾರ್ಖಾನೆಯ ಕೆಲಸಗಾರರಲ್ಲಿ, ಬೀಡಿ ಕಟ್ಟುವವರಲ್ಲಿ ಎಡಪಕ್ಷಗಳ ಸಂಘಗಳು ಬೇರೂರಿದ್ದ ಕಾಲ ಅದು. ಕರಾವಳಿಯ ಇಂದಿನ ರಾಜಕೀಯವನ್ನು ಮಾತ್ರ ಕಂಡವರಿಗೆ ಇದು ಕಟ್ಟುಕಥೆಯಂತೆ ಕೇಳಿಸಿದರೆ ಆಶ್ಚರ್ಯವಿಲ್ಲ. ಇಂಥ ಜಗಳಗಳನ್ನು ದಾಖಲೆ ಮುಂದಿಟ್ಟು ಬಗೆಹರಿಸಬಹುದು ಎಂಬ ಕಾರಣಕ್ಕೇ ಹಳೆಯ ಫಲಿತಾಂಶಗಳು ಯಾರ ಅಪ್ಪಣೆಯೂ ಬೇಡದೆ, ಕಾಸು ಖರ್ಚಿಲ್ಲದೆ ಎಲ್ಲರಿಗೂ ಸಿಗುವಂತಿರಬೇಕು ಎಂದು ನಾನು ಹಟ ಹಿಡಿಯುವುದು. ಈಗ ಬಹುಮಟ್ಟಿಗೆ ಸಿಗುತ್ತಲೂ ಇವೆ. ಓದುವ ಕ್ರಮವನ್ನು ಮಾತ್ರ ತಿಳಿದುಕೊಳ್ಳಬೇಕು.

ನಿಮ್ಮನ್ನು ದಾರಿ ತಪ್ಪಿಸಿದ್ದು ಕ್ಷೇತ್ರದ ಹೆಸರು. 2008ರ ಕ್ಷೇತ್ರ ಮರುವಿಂಗಡಣೆಯಲ್ಲಿ ಅಲ್ಲಿಯವರೆಗೆ 'ಉಳ್ಳಾಲ' ಎಂದಿದ್ದ ಕ್ಷೇತ್ರಕ್ಕೆ 'ಮಂಗಳೂರು' ಎಂದು ಹೆಸರಿಟ್ಟರು. ಅಲ್ಲಿಯವರೆಗೆ 'ಮಂಗಳೂರು' ಎಂದಿದ್ದ ನಗರದ ಕ್ಷೇತ್ರ 'ಮಂಗಳೂರು ನಗರ ದಕ್ಷಿಣ'ವಾಯಿತು. 'ಸುರತ್ಕಲ್' ಹೋಗಿ 'ಮಂಗಳೂರು ನಗರ ಉತ್ತರ' ಬಂತು. ಹೀಗಾಗಿ ಹಳೆಯ ಮಂಗಳೂರು ಮತ್ತು ಹೊಸ ಮಂಗಳೂರು ಬೇರೆ ಬೇರೆ ನೆಲ. ನೇತ್ರಾವತಿಯ ಆಚೆ ದಡದ್ದು ಒಂದು, ಈಚೆ ದಡದ್ದು ಇನ್ನೊಂದು. ಕಂಪ್ಯೂಟರಿಗೆ ಇದು ಗೊತ್ತಿಲ್ಲ. ಅಕ್ಷರಗಳು ಹೊಂದಿದರೆ ಎರಡನ್ನೂ ಒಂದೇ ಪಟ್ಟಿಯಲ್ಲಿ ಜೋಡಿಸಿ ಕೊಡುತ್ತದೆ. 1994, 1999, 2004ರಲ್ಲಿ ಹಳೆಯ ಮಂಗಳೂರಿನಿಂದ ಗೆದ್ದ ಎನ್. ಯೋಗೀಶ್ ಭಟ್ ಅವರು 2008ರಲ್ಲೂ ಗೆದ್ದರು, ಆದರೆ ಆಗ ಅವರ ಕ್ಷೇತ್ರದ ಹೆಸರು ಮಂಗಳೂರು ನಗರ ದಕ್ಷಿಣ. ಅದೇ ಚುನಾವಣೆಯಲ್ಲಿ ಹೊಸ 'ಮಂಗಳೂರಿ'ನಿಂದ, ಅಂದರೆ ನಿಮ್ಮ ಉಳ್ಳಾಲದಿಂದ, ಯು. ಟಿ. ಖಾದರ್ ಗೆದ್ದರು. ನೀವು ಕಂಡ 'ಇದ್ದಕ್ಕಿದ್ದಂತೆ ಕಾಂಗ್ರೆಸ್' ಎಂಬ ಬದಲಾವಣೆ ನಡೆದೇ ಇಲ್ಲ. ಇದನ್ನು ಗಮನಿಸದೆ 'ಮಂಗಳೂರಿನ ಮತದಾರರು 2008ರಲ್ಲಿ ಬಿಜೆಪಿಯನ್ನು ಕೈಬಿಟ್ಟರು' ಎಂದು ಬರೆದರೆ, ನಡೆದದ್ದಕ್ಕೆ ನೇರ ವಿರುದ್ಧವಾದದ್ದನ್ನು ಬರೆದಂತಾಗುತ್ತದೆ. ಆ ವರ್ಷ ನಗರದ ಎರಡೂ ಕ್ಷೇತ್ರಗಳಲ್ಲಿ ಗೆದ್ದದ್ದು ಬಿಜೆಪಿಯೇ.

ಆದ್ದರಿಂದ ಮೊದಲು ಹಿಡಿಯಬೇಕಾದ್ದು ಊರನ್ನು. ಉಳ್ಳಾಲ, ಪೆರ್ಮನ್ನೂರು, ಸೋಮೇಶ್ವರ ಈ ಊರುಗಳು ಆಯಾ ವರ್ಷ ಯಾವ ಕ್ಷೇತ್ರದೊಳಗೆ ಇದ್ದವು ಎಂದು ನೋಡಿ, ಆ ಕ್ಷೇತ್ರ ಯಾವ ಹೆಸರಿನಲ್ಲಿದ್ದರೂ ಅದರ ಫಲಿತಾಂಶವನ್ನು ತೆಗೆದುಕೊಳ್ಳಿ. ಇದನ್ನು ತಿಳಿಸುವುದು ಮರುವಿಂಗಡಣಾ ಆದೇಶ. ಯಾವ ತಾಲ್ಲೂಕಿನ ಯಾವ ಭಾಗ, ನಗರದ ಯಾವ ವಾರ್ಡು ಯಾವ ಕ್ಷೇತ್ರಕ್ಕೆ ಸೇರಿದೆ ಎಂಬ ವಿವರವೆಲ್ಲ ಅದರಲ್ಲಿರುತ್ತದೆ. 2008ರ ಆದೇಶ ಚುನಾವಣಾ ಆಯೋಗದ ಜಾಲತಾಣದಲ್ಲೇ ಇದೆ. ಅದರ ಪ್ರಕಾರ ನಿಮ್ಮ ಕ್ಷೇತ್ರದ ಸಂಖ್ಯೆ 204. ನಗರ ಉತ್ತರ 202, ನಗರ ದಕ್ಷಿಣ 203. ಹೆಸರಿಗಿಂತ ಈ ಸಂಖ್ಯೆಯನ್ನು ಹಿಡಿದು ಹುಡುಕುವುದು ವಾಸಿ, ಆದರೆ ಅದು 2008ರಿಂದ ಈಚೆಗೆ ಮಾತ್ರ. ಹಳೆಯ ವರದಿಗಳಲ್ಲಿ ಸಂಖ್ಯೆಗಳೇ ಬೇರೆ.

ನಮ್ಮ ರಾಜ್ಯದ ಮಟ್ಟಿಗೆ ಗಡಿಗಳು ಹೆಚ್ಚುಕಡಿಮೆ ಅಲುಗದೆ ನಿಂತ ಎರಡು ದೀರ್ಘ ಅವಧಿಗಳಿವೆ. ಮೊದಲನೆಯದು 1978ರಿಂದ 2004ರವರೆಗಿನ ಏಳು ಚುನಾವಣೆಗಳು: 1978, 1983, 1985, 1989, 1994, 1999, 2004. ಎರಡನೆಯದು 2008, 2013, 2018, 2023. ಈ ಅವಧಿಗಳ ಒಳಗೆ ಮತಪ್ರಮಾಣವನ್ನು ಹೋಲಿಸಬಹುದು. ಒಂದು ಅವಧಿಯಿಂದ ಇನ್ನೊಂದಕ್ಕೆ ದಾಟುವಾಗ ಎಚ್ಚರ ಬೇಕು. 2008ರಲ್ಲಿ ವಿಟ್ಲ ಕ್ಷೇತ್ರ ಇಲ್ಲವಾಯಿತು, ಉಡುಪಿ ಕಡೆ ಬ್ರಹ್ಮಾವರ ಕ್ಷೇತ್ರ ಇಲ್ಲವಾಯಿತು, ಅವುಗಳ ಹಳ್ಳಿಗಳು ಅಕ್ಕಪಕ್ಕದ ಕ್ಷೇತ್ರಗಳಿಗೆ ಹಂಚಿಹೋದವು. ಕಾರ್ಕಳ, ಬಂಟ್ವಾಳ, ಪುತ್ತೂರು ಎಂಬ ಹೆಸರುಗಳು ಉಳಿದಿದ್ದರೂ ಒಳಗಿನ ಊರುಗಳೆಲ್ಲ ಹಳೆಯವೇ ಎಂದು ತಿಳಿಯಬಾರದು. 1978ಕ್ಕಿಂತ ಹಿಂದೆ ಹೋದರೆ ಗಡಿಗಳು ಮೇಲಿಂದ ಮೇಲೆ ಬದಲಾಗಿವೆ. ವಿಧಾನಸಭೆಯ ಸ್ಥಾನಗಳೇ 1957ರಲ್ಲಿ 208, 1967ರಲ್ಲಿ 216, 1978ರಿಂದ 224. ಆ ಕಾಲದ ವರದಿಗಳಲ್ಲಿ ಪಾಣೆಮಂಗಳೂರು ಎಂಬ ಕ್ಷೇತ್ರ ಸಿಗುತ್ತದೆ, 'ಮಂಗಳೂರು ಒಂದು', 'ಮಂಗಳೂರು ಎರಡು' ಎಂಬವೂ ಸಿಗುತ್ತವೆ. ಕೃಷ್ಣ ಶೆಟ್ಟರ 1962ರ ಗೆಲುವನ್ನು ನೀವು ಹುಡುಕಬೇಕಾದ್ದು 'ಮಂಗಳೂರು ಎರಡು' ಎಂಬಲ್ಲಿ. ಉಳ್ಳಾಲ ಎಂದು ಹುಡುಕಿದವರಿಗೆ ಅದು ಕಾಣಿಸುವುದೇ ಇಲ್ಲ. ನಿಮ್ಮ ಮನೆಯವರೂ ಮೊಬೈಲಿನಲ್ಲಿ ಹುಡುಕಿ ನೋಡಿ, ಏನೂ ಸಿಗದೆ, ಅಜ್ಜನಿಗೆ ಮರೆವು ಎಂದುಕೊಂಡಿರಬಹುದು.

ಇನ್ನು 1952. ಆಗ ದಕ್ಷಿಣ ಕನ್ನಡ ಜಿಲ್ಲೆ ಮದ್ರಾಸ್ ರಾಜ್ಯದಲ್ಲಿತ್ತು. ಆದ್ದರಿಂದ ಮಂಗಳೂರು, ಉಡುಪಿ, ಕುಂದಾಪುರದ ಮೊದಲ ಫಲಿತಾಂಶಗಳು ಇರುವುದು ಮದ್ರಾಸ್ ವಿಧಾನಸಭೆಯ ವರದಿಯಲ್ಲಿ. 375 ಸ್ಥಾನಗಳ ಆ ದೊಡ್ಡ ವರದಿಯಲ್ಲಿ ನಮ್ಮ ಜಿಲ್ಲೆಯನ್ನು ಹುಡುಕಿ ತೆಗೆಯಬೇಕು. ಆಯೋಗ ಆ ವರದಿಗೆ ಕೊಟ್ಟಿರುವ ವರ್ಷ 1951, ಮತದಾನ 1952ರ ಆರಂಭದವರೆಗೂ ನಡೆದಿದ್ದರೂ. 1952 ಎಂದು ಹುಡುಕಿ ಬರಿಗೈಯಲ್ಲಿ ಮರಳುವವರು ಬಹಳ. ಹಾಗೆಯೇ ಬೆಳಗಾವಿ, ಧಾರವಾಡ, ವಿಜಯಪುರ, ಉತ್ತರ ಕನ್ನಡದ ಮೊದಲ ಚುನಾವಣೆ ಮುಂಬಯಿಯ ವರದಿಯಲ್ಲಿದೆ, ಬೀದರ್, ಕಲಬುರಗಿ, ರಾಯಚೂರಿನದು ಹೈದರಾಬಾದಿನ ವರದಿಯಲ್ಲಿದೆ, ಕೊಡಗಿನದು 24 ಸ್ಥಾನಗಳ ಕೊಡಗು ವಿಧಾನಸಭೆಯ ವರದಿಯಲ್ಲಿದೆ. 99 ಸ್ಥಾನಗಳ ಮೈಸೂರು ವರದಿಯೊಂದನ್ನೇ ತೆಗೆದುಕೊಂಡು 'ಕರ್ನಾಟಕದ ಮೊದಲ ಚುನಾವಣೆ' ಎಂದರೆ ಅರ್ಧ ನಾಡು ಬಿಟ್ಟುಹೋಗುತ್ತದೆ. 1957ರಿಂದ 1972ರವರೆಗಿನ ವರದಿಗಳ ತಲೆಬರಹದಲ್ಲೂ ಮೈಸೂರು ಎಂದೇ ಇರುತ್ತದೆ. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು.

ಕಾಸರಗೋಡಿನ ಕಡೆಯ ನೆಂಟರು ಯಾರಾದರೂ ಇದೇ ಕೆಲಸಕ್ಕೆ ಕೈಹಾಕಿದರೆ ಅವರಿಗೆ ಇನ್ನೊಂದು ತಿರುವು ಎದುರಾಗುತ್ತದೆ. 1952ರಲ್ಲಿ ಅದು ನಮ್ಮದೇ ಜಿಲ್ಲೆ, ಮದ್ರಾಸ್ ವರದಿ. 1956ರ ನವೆಂಬರಿನಲ್ಲಿ ಕೇರಳಕ್ಕೆ ಸೇರಿದ್ದರಿಂದ 1957ರಿಂದ ಕೇರಳದ ವರದಿ. ಆ ವರ್ಷ ಮಂಜೇಶ್ವರದಿಂದ ಎಂ. ಉಮೇಶ್ ರಾವ್ ಅವಿರೋಧವಾಗಿ ಆಯ್ಕೆಯಾದರು. ಎದುರಾಳಿಯೇ ಇಲ್ಲದಿದ್ದಲ್ಲಿ ಮತದಾನವಿಲ್ಲ, ಮತದಾನವಿಲ್ಲದಲ್ಲಿ ಮತಗಳ ಲೆಕ್ಕವಿಲ್ಲ. ಅಂಥ ಸಾಲಿನಲ್ಲಿ ಸೊನ್ನೆಯೋ ಖಾಲಿ ಜಾಗವೋ ಕಂಡರೆ ಅದನ್ನು ದಾಖಲೆಯ ದೋಷ ಎಂದುಕೊಳ್ಳಬಾರದು. ಸರಾಸರಿ ತೆಗೆಯುವಾಗ ಆ ಸೊನ್ನೆಯನ್ನು ಸೇರಿಸಿಕೊಳ್ಳಲೂಬಾರದು.

ಈಗ ಎಲ್ಲಿ ಹುಡುಕಬೇಕು ಎಂಬುದು. ಮೂಲ ದಾಖಲೆ ಭಾರತ ಚುನಾವಣಾ ಆಯೋಗದ ಅಂಕಿಅಂಶ ವರದಿಗಳು. ಮೊದಲ ಚುನಾವಣೆಯಿಂದ ಈಚಿನವರೆಗೆ ಪ್ರತಿ ರಾಜ್ಯದ ಪ್ರತಿ ಸಾರ್ವತ್ರಿಕ ಚುನಾವಣೆಯ ವರದಿಯನ್ನು ಆಯೋಗದ ಜಾಲತಾಣದಿಂದ ಉಚಿತವಾಗಿ ಇಳಿಸಿಕೊಳ್ಳಬಹುದು. ಹಳೆಯವು ಪಿಡಿಎಫ್ ರೂಪದಲ್ಲಿವೆ. ಆರಂಭದ ಪುಟಗಳಲ್ಲಿ ಪಕ್ಷಗಳ ಪಟ್ಟಿ, ಪಕ್ಷವಾರು ಸಾಧನೆ, ಮಹಿಳಾ ಅಭ್ಯರ್ಥಿಗಳ ವಿವರ ಇರುತ್ತದೆ. ಆಮೇಲೆ ಪ್ರತಿ ಕ್ಷೇತ್ರದ ಸಾರಾಂಶ, ಕೊನೆಗೆ ಪ್ರತಿ ಕ್ಷೇತ್ರದ ಎಲ್ಲ ಅಭ್ಯರ್ಥಿಗಳ ಹೆಸರು, ಪಕ್ಷ, ಪಡೆದ ಮತ. ಪತ್ರಿಕೆಗಳಲ್ಲಿ ಸಾಮಾನ್ಯವಾಗಿ ಗೆದ್ದವರು, ಎರಡನೆಯವರು ಇಷ್ಟೇ ಉಳಿಯುತ್ತಾರೆ. ಠೇವಣಿ ಕಳೆದುಕೊಂಡ ಪಕ್ಷೇತರರೂ ಸಿಗುವುದು ಈ ಕೊನೆಯ ಭಾಗದಲ್ಲಿ. ಅದನ್ನು ಓದದೆ ಬಿಡಬೇಡಿ.

ಕೆಲಸಕ್ಕೆ ಹೆಚ್ಚು ಅನುಕೂಲವಾದದ್ದು ಅಶೋಕ ವಿಶ್ವವಿದ್ಯಾಲಯದ ತ್ರಿವೇದಿ ರಾಜಕೀಯ ದತ್ತಾಂಶ ಕೇಂದ್ರ ರೂಪಿಸಿದ 'ಲೋಕ್ ಢಾಬಾ'. ಆಯೋಗದ ವರದಿಗಳನ್ನೇ ಶುದ್ಧಗೊಳಿಸಿ, ಎಲ್ಲ ಚುನಾವಣೆಗಳನ್ನೂ ಒಂದೇ ಅಚ್ಚಿಗೆ ತಂದು, ಎಕ್ಸೆಲ್‌ನಲ್ಲಿ ತೆರೆಯಬಹುದಾದ ಕಡತವಾಗಿ ಉಚಿತವಾಗಿ ಕೊಟ್ಟಿದ್ದಾರೆ. ವಿಧಾನಸಭೆಗಳ ಮಟ್ಟಿಗೆ ಅದು ಆರಂಭವಾಗುವುದು 1960ರ ದಶಕದಿಂದ. ಹಾಗಾಗಿ ನಿಮ್ಮ 1952, 1957ಕ್ಕೆ ಆಯೋಗದ ವರದಿಯೇ ಗತಿ. ಒಬ್ಬ ಅಭ್ಯರ್ಥಿ ಹಲವು ಚುನಾವಣೆಗಳಿಗೆ ನಿಂತಿದ್ದರೆ ಅವರನ್ನು ಒಂದೇ ಗುರುತಿನ ಸಂಖ್ಯೆಯಡಿ ಜೋಡಿಸಿರುವುದು ಅದರ ದೊಡ್ಡ ಉಪಕಾರ. ಇಂಗ್ಲಿಷಿನಲ್ಲಿ ನಮ್ಮ ಹೆಸರುಗಳ ಕಾಗುಣಿತ ವರದಿಯಿಂದ ವರದಿಗೆ ಬದಲಾಗುತ್ತದೆ. ಇನಿಶಿಯಲ್ ಒಮ್ಮೆ ಮುಂದೆ, ಒಮ್ಮೆ ಹಿಂದೆ. ಉಡುಪಿ ಹಳೆಯ ವರದಿಗಳಲ್ಲಿ 'ಉಡಿಪಿ', ಕುಂದಾಪುರ 'ಕೂಂಡಾಪುರ್', ಕಾಪು 'ಕಾಪ್'. ಹೆಸರು ಪೂರ್ತಿ ಬರೆದು ಹುಡುಕುವುದಕ್ಕಿಂತ ಮೊದಲ ಮೂರ್ನಾಲ್ಕು ಅಕ್ಷರಗಳಿಂದ ಹುಡುಕಿ.

ವರದಿಗಳಲ್ಲಿ ಪಕ್ಷದ ಹೆಸರಿಗೆ ಬಳಸುವ ಚುಟುಕು ಸಂಕೇತಗಳ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಸ್ಮರಣ ಸಂಚಿಕೆಗಳಲ್ಲಿ ತಪ್ಪು ಹೆಚ್ಚಾಗಿ ನುಸುಳುವುದು ಇಲ್ಲೇ. ನಿಮ್ಮದೇ ಕ್ಷೇತ್ರದ ಯು. ಟಿ. ಫರೀದ್ ಅವರನ್ನು ನೋಡಿ. ಅವರು ಗೆದ್ದದ್ದು 1972, 1978, 1999, 2004ರಲ್ಲಿ. 1972ರ ಸಾಲಿನಲ್ಲಿ ಪಕ್ಷ ಐಎನ್‌ಸಿ (ಭಾರತೀಯ ರಾಷ್ಟ್ರೀಯ ಕಾಂಗ್ರೆಸ್) ಎಂದಿದೆ, 1978ರಲ್ಲಿ ಐಎನ್‌ಸಿ(ಐ), 1999ರಲ್ಲಿ ಮತ್ತೆ ಐಎನ್‌ಸಿ. ಬರೀ ಪಟ್ಟಿ ನೋಡಿದವರು ಈ ಮನುಷ್ಯ ಪಕ್ಷ ಬಿಟ್ಟು ಹೋಗಿ ಮರಳಿ ಬಂದರು ಎಂದುಕೊಳ್ಳುತ್ತಾರೆ. ನಡೆದದ್ದೆಂದರೆ, 1978ರ ಜನವರಿಯಲ್ಲಿ ಕಾಂಗ್ರೆಸ್ ಒಡೆದು ಇಂದಿರಾ ಗಾಂಧಿಯವರ ಬಣ ಬೇರೆಯಾಯಿತು. ಮರುತಿಂಗಳೇ ನಡೆದ ನಮ್ಮ ರಾಜ್ಯದ ಚುನಾವಣೆಯಲ್ಲಿ ಆ ಬಣ 149 ಸ್ಥಾನ ಗೆದ್ದಿತು. ಐಎನ್‌ಸಿ ಎಂಬ ಹಳೆಯ ಹೆಸರು ಉಳಿದದ್ದು ಇನ್ನೊಂದು ಬಣಕ್ಕೆ, ಅದು ಗೆದ್ದದ್ದು ಎರಡೇ ಸ್ಥಾನ. ಐಎನ್‌ಸಿ ಎಂಬ ಸಂಕೇತವನ್ನಷ್ಟೇ ಹಿಡಿದು ರಾಜ್ಯದ ಕಾಂಗ್ರೆಸ್ಸಿನ ಏರಿಳಿತದ ನಕ್ಷೆ ಬರೆದರೆ 1978ರಲ್ಲಿ ಪಕ್ಷ ಪಾತಾಳಕ್ಕೆ ಬಿದ್ದಂತೆ ಕಾಣುತ್ತದೆ. ವಾಸ್ತವದಲ್ಲಿ ದೇವರಾಜ ಅರಸರು ಭಾರೀ ಬಹುಮತದಿಂದ ಮರಳಿ ಬಂದ ವರ್ಷ ಅದು.

ಕಮ್ಯುನಿಸ್ಟರದ್ದೂ ಹಾಗೆಯೇ. 1962ರಲ್ಲಿ ಪಕ್ಷ ಒಂದೇ. 1964ರಲ್ಲಿ ಒಡೆದ ಮೇಲೆ ಸಿಪಿಐ, ಸಿಪಿಎಂ ಎಂಬ ಎರಡು ಸಂಕೇತಗಳು. ಅಜ್ಜ ಎರಡನ್ನೂ ಸೇರಿಸಿ 'ಕಮ್ಯುನಿಸ್ಟರು' ಎನ್ನುವುದು ಸಹಜ, ಸಂಚಿಕೆಯಲ್ಲಿ ನೀವು ಬೇರೆ ಬೇರೆಯಾಗಿಯೇ ಬರೆಯಿರಿ. ಜನತಾ ಪಕ್ಷ, ಜನತಾ ದಳ, ಅದರಿಂದ ಒಡೆದ ಜೆಡಿಎಸ್, ಜೆಡಿಯು ಇವನ್ನೂ ಒಂದೇ ಸಾಲಿಗೆ ತುಂಬಬೇಡಿ. 1994ರಲ್ಲಿ ಉಡುಪಿಯಿಂದ ಗೆದ್ದ ಯು. ಆರ್. ಸಭಾಪತಿಯವರ ಮುಂದೆ ಕೆಸಿಪಿ ಎಂದಿದ್ದರೆ ಅದು ಬಂಗಾರಪ್ಪನವರ ಕರ್ನಾಟಕ ಕಾಂಗ್ರೆಸ್ ಪಕ್ಷ. 1999ರಲ್ಲಿ ಅವರು ಗೆದ್ದದ್ದು ಕಾಂಗ್ರೆಸ್ಸಿನಿಂದ. ಪ್ರತಿ ವರದಿಯ ಆರಂಭದಲ್ಲಿ ಆ ವರ್ಷದ ಸಂಕೇತಗಳ ಪಟ್ಟಿ ಇದ್ದೇ ಇರುತ್ತದೆ. ಒಂದು ವರ್ಷದ ಪಟ್ಟಿಯನ್ನು ಇನ್ನೊಂದು ವರ್ಷಕ್ಕೆ ಬಳಸಬೇಡಿ.

ಅಂಕಿಗಳನ್ನು ಹೋಲಿಸುವ ಆಸೆ ಇದ್ದರೆ ಕೆಲವು ಮಾತು. 1952 ಮತ್ತು 1957ರಲ್ಲಿ ಕೆಲವು ಕ್ಷೇತ್ರಗಳಿಗೆ ಇಬ್ಬರು ಶಾಸಕರು, ಒಂದು ಸ್ಥಾನ ಮೀಸಲು. ಅಲ್ಲಿ ಪ್ರತಿ ಮತದಾರನಿಗೂ ಎರಡು ಮತ. ಬಂದ ಮತಗಳನ್ನು ಮತದಾರರ ಸಂಖ್ಯೆಯಿಂದ ನೇರವಾಗಿ ಭಾಗಿಸಿದರೆ ಶೇಕಡಾ ನೂರನ್ನೂ ಮೀರಬಹುದು. 1961ರ ಕಾಯ್ದೆಯಿಂದ ಆ ಪದ್ಧತಿ ಹೋಯಿತು. 1989ರಲ್ಲಿ ಮತದಾರರ ಸಂಖ್ಯೆ ಒಮ್ಮೆಲೇ ಜಿಗಿದಿರುವುದು ಕಂಡರೆ ಗಾಬರಿ ಬೇಡ, ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದ ಮೇಲೆ ನಮ್ಮಲ್ಲಿ ನಡೆದ ಮೊದಲ ವಿಧಾನಸಭಾ ಚುನಾವಣೆ ಅದು. ಮತಪತ್ರದ ಕಾಲದಲ್ಲಿ ಸಾವಿರಗಟ್ಟಲೆ ಇರುತ್ತಿದ್ದ ತಿರಸ್ಕೃತ ಮತಗಳು ಮತಯಂತ್ರ ಬಂದ ಮೇಲೆ ಬಹುಪಾಲು ಅಂಚೆ ಮತಗಳಿಗೆ ಸೀಮಿತವಾದವು. ನೋಟಾ, ಅಂದರೆ ಯಾವ ಅಭ್ಯರ್ಥಿಯೂ ಬೇಡ ಎಂಬ ಆಯ್ಕೆ, ಬಂದದ್ದು 2013ರ ಸೆಪ್ಟೆಂಬರಿನ ಸುಪ್ರೀಂ ಕೋರ್ಟ್ ತೀರ್ಪಿನಿಂದ. ನಮ್ಮ 2013ರ ವಿಧಾನಸಭಾ ಚುನಾವಣೆ ಅದಕ್ಕೂ ಮೊದಲೇ, ಮೇ ತಿಂಗಳಲ್ಲಿ, ಮುಗಿದಿತ್ತು. ಹಾಗಾಗಿ ವಿಧಾನಸಭೆಯ ಲೆಕ್ಕದಲ್ಲಿ ನೋಟಾ ಸಾಲು ನಿಮಗೆ ಸಿಗುವುದು 2018ರಿಂದ. ಅಲ್ಲಿಂದ ಮುಂದೆ ಶೇಕಡಾವಾರು ಹಾಕುವಾಗ ನೋಟಾವನ್ನು ಸೇರಿಸಿದ್ದಾರೆಯೇ, ಬಿಟ್ಟಿದ್ದಾರೆಯೇ ಎಂದು ನೋಡಿಕೊಳ್ಳಿ.

ಶೇಕಡಾವಾರಿನ ಜೊತೆಗೆ ಮತಗಳ ಪೂರ್ತಿ ಸಂಖ್ಯೆಯನ್ನೂ ಬರೆಯಿರಿ ಎಂದು ನಾನು ಒತ್ತಾಯಿಸುವುದಕ್ಕೆ ನಮ್ಮ ರಾಜ್ಯದಲ್ಲೇ ಕಾರಣವಿದೆ. 2004ರಲ್ಲಿ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752 ಮತ, ಎ. ಆರ್. ಕೃಷ್ಣಮೂರ್ತಿ ಅವರಿಗೆ 40,751. ಶೇಕಡಾದಲ್ಲಿ ಬರೆದರೆ ಇಬ್ಬರೂ ಸಮ. ಆ ಕ್ಷೇತ್ರವೂ 2008ರಲ್ಲಿ ಇಲ್ಲವಾಯಿತು. ಇನ್ನು ಗೆದ್ದವರು, ಎರಡನೆಯವರು ಎಂಬ ಎರಡೇ ಹೆಸರಿಗೆ ನಿಂತರೆ ಏನು ಕಳೆದುಹೋಗುತ್ತದೆ ಎಂಬುದಕ್ಕೆ 2023ರ ಪುತ್ತೂರು ಸಾಕು. ಕಾಂಗ್ರೆಸ್ಸಿನ ಅಶೋಕ್ ಕುಮಾರ್ ರೈ 66,607, ಪಕ್ಷೇತರ ಅರುಣ್ ಕುಮಾರ್ ಪುತ್ತಿಲ 62,458, ಬಿಜೆಪಿಯ ಆಶಾ ತಿಮ್ಮಪ್ಪ 37,558. ಮೂರನೆಯ ಸಾಲನ್ನು ಕತ್ತರಿಸಿದರೆ ಆ ಚುನಾವಣೆಯ ಕಥೆಯೇ ಅರ್ಥವಾಗುವುದಿಲ್ಲ.

ನಿಮ್ಮ ಪಟ್ಟಿಯಲ್ಲಿ ಖಂಡಿತ ಬಿಟ್ಟುಹೋಗುವ ಒಂದು ಹೆಸರನ್ನು ಈಗಲೇ ಹೇಳಿಬಿಡುತ್ತೇನೆ. ಫರೀದ್ ಅವರು 2007ರಲ್ಲಿ ತೀರಿಕೊಂಡಾಗ ಉಳ್ಳಾಲಕ್ಕೆ ಉಪಚುನಾವಣೆ ನಡೆದು ಅವರ ಮಗ ಖಾದರ್ ಮೊದಲ ಸಲ ಶಾಸಕರಾದರು. ಸಾರ್ವತ್ರಿಕ ಚುನಾವಣೆಯ ವರದಿಗಳಲ್ಲಿ ಉಪಚುನಾವಣೆಗಳು ಇರುವುದಿಲ್ಲ. ಆಯೋಗ ಅವನ್ನು ಬೇರೆಯಾಗಿ ಇಡುತ್ತದೆ. 2004ರ ಸಾಲಾದ ಮೇಲೆ ನೇರವಾಗಿ 2008ಕ್ಕೆ ಹೋದರೆ 2007 ಕಾಣೆಯಾಗುತ್ತದೆ. ಲೋಕಸಭೆಯಲ್ಲೂ ಇದೇ ತೊಂದರೆ. ಡಿ. ವಿ. ಸದಾನಂದ ಗೌಡರು ಮುಖ್ಯಮಂತ್ರಿಯಾದ ಮೇಲೆ ತೆರವಾದ ಉಡುಪಿ ಚಿಕ್ಕಮಗಳೂರು ಸ್ಥಾನಕ್ಕೆ 2012ರಲ್ಲಿ ಕೆ. ಜಯಪ್ರಕಾಶ್ ಹೆಗ್ಡೆ ಆಯ್ಕೆಯಾದದ್ದು 2009ರ ವರದಿಯಲ್ಲೂ ಇಲ್ಲ, 2014ರದರಲ್ಲೂ ಇಲ್ಲ.

ಶಾಲೆಯ ಮಕ್ಕಳಿಗೆ ತೋರಿಸಲು ಇನ್ನೂ ಹತ್ತಿರದ ದಾಖಲೆ ಬೇಕಿದ್ದರೆ ರಾಜ್ಯದ ಮುಖ್ಯ ಚುನಾವಣಾಧಿಕಾರಿಗಳ ಜಾಲತಾಣದಲ್ಲಿ ಈಚಿನ ಚುನಾವಣೆಗಳ ನಮೂನೆ 20 ಸಿಗುತ್ತದೆ. ಪ್ರತಿ ಮತಗಟ್ಟೆಯಲ್ಲಿ ಯಾವ ಅಭ್ಯರ್ಥಿಗೆ ಎಷ್ಟು ಮತ ಎಂಬ ಪಟ್ಟಿ ಅದು. ನಿಮ್ಮ ಶಾಲೆಯೇ ಮತಗಟ್ಟೆಯಾಗಿದ್ದರೆ ಅದರ ಲೆಕ್ಕವೂ ಇರುತ್ತದೆ. ಮತಗಟ್ಟೆಗಳ ಸಂಖ್ಯೆ ಚುನಾವಣೆಯಿಂದ ಚುನಾವಣೆಗೆ ಬದಲಾಗುವುದರಿಂದ ಆ ವರ್ಷದ ಮತಗಟ್ಟೆ ಪಟ್ಟಿಯನ್ನೂ ಪಕ್ಕದಲ್ಲಿಟ್ಟುಕೊಳ್ಳಿ. ಅಂಚೆ ಮತಗಳು ಇದರಲ್ಲಿ ಪ್ರತ್ಯೇಕ ಸಾಲಾಗಿ ಕೊನೆಯಲ್ಲಿ ಬರುತ್ತವೆ, ಅವನ್ನು ಕೂಡಿಸದೆ ಮೊತ್ತ ತಾಳೆಯಾಗುವುದಿಲ್ಲ.

ನಿಮ್ಮ ಕೋಷ್ಟಕದಲ್ಲಿ ಗೆದ್ದವರ ಹೆಸರಿನ ಪಕ್ಕ ಎರಡು ಕಲಂ ಹೆಚ್ಚಿಗೆ ಇಡಿ. ಒಂದರಲ್ಲಿ ಆ ವರ್ಷದ ವರದಿಯಲ್ಲಿ ಕ್ಷೇತ್ರಕ್ಕೆ ಇದ್ದ ಹೆಸರು ಮತ್ತು ಸಂಖ್ಯೆ, ಇನ್ನೊಂದರಲ್ಲಿ ಯಾವ ವರದಿಯ ಎಷ್ಟನೆಯ ಪುಟ ಎಂಬ ವಿವರ. ಇಳಿಸಿಕೊಂಡ ವರದಿಗಳನ್ನೆಲ್ಲ ಶಾಲೆಯ ಕಂಪ್ಯೂಟರಿನಲ್ಲಿ ಉಳಿಸಿಡಿ. ಸರ್ಕಾರಿ ಜಾಲತಾಣಗಳ ವಿಳಾಸಗಳು ಬದಲಾಗುತ್ತಿರುತ್ತವೆ, ಆಯೋಗದ್ದೇ ಬದಲಾಗಿ ಹಳೆಯ ಕೊಂಡಿಗಳು ತೆರೆಯದಂತಾಗಿವೆ. 1952ರ ಸಾಲಿಗೆ ಮಾತ್ರ ಅವಸರ ಮಾಡಬೇಡಿ. ಮದ್ರಾಸ್ ವರದಿಯಿಂದ ಹೆಸರು ಎತ್ತಿಕೊಳ್ಳುವ ಮುನ್ನ ಉಳ್ಳಾಲ ಆಗ ಯಾವ ಕ್ಷೇತ್ರದೊಳಗಿತ್ತು ಎಂಬುದನ್ನು ಆ ಕಾಲದ ಮರುವಿಂಗಡಣಾ ಆದೇಶದಿಂದ ಖಚಿತಪಡಿಸಿಕೊಳ್ಳಿ. ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯ ನಿಮಗೆ ದೂರವಲ್ಲ, ಅಲ್ಲಿನ ಗ್ರಂಥಾಲಯದಲ್ಲಿ ಹಳೆಯ ಗೆಜೆಟ್‌ಗಳನ್ನು ಕೇಳಿ ನೋಡಿ.